ಹ್ಯಾಮ್‌ಸ್ಟ್ರಿಂಗ್ ಟೈಟ್ ಆಗಿದೆಯಾ? ಎಳೆಯುವ ಮೊದಲು ಕಾರಣ ಹುಡುಕಿ

ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಸಾರ್, ಹಿಂದೆ ತೊಡೆ ಹಿಡ್ಕೊಂಡಿದೆ. ಎಷ್ಟು ಸ್ಟ್ರೆಚ್ ಮಾಡಿದ್ರೂ ಬಿಡ್ತಿಲ್ಲ." ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡುವವರು, ಖೋ-ಖೋ ಆಡುವ ಹುಡುಗಿಯರು, ಹಳ್ಳಿ ಕಬಡ್ಡಿ ತಂಡಗಳ ರೈಡರ್‌ಗಳು, ಪೊಲೀಸ್ ಕೆಲಸಕ್ಕೆ ಅಂತ 1600 ಮೀಟರ್ ಅಭ್ಯಾಸ ಮಾಡುವವರು, ಎಲ್ಲರೂ ಹೇಳುವುದು ಇದನ್ನೇ. ಅವರು ಮಾಡಿಕೊಳ್ಳುವ ಚಿಕಿತ್ಸೆಯೂ ಒಂದೇ. ಕಾಲು ಚಾಚಿ ಕೂರುವುದು, ಬಗ್ಗುವುದು, ಜಗ್ಗುವುದು. ಆಗದಿದ್ದರೆ ಗೆಳೆಯನನ್ನು ಕರೆದು ಬೆನ್ನ ಮೇಲೆ ಒತ್ತಿಸಿಕೊಳ್ಳುವುದು.

ತೊಡೆ ಹಿಂದಿನ ಈ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಟೈಟ್ ಅನ್ನಿಸುವುದು ಬರೀ ಲಕ್ಷಣ. ಅದರ ಹಿಂದೆ ಐದಾರು ಕಾರಣಗಳಿರಬಹುದು. ಸ್ನಾಯು ನಿಜವಾಗಿಯೂ ಗಿಡ್ಡವಾಗಿರಬಹುದು. ಶಕ್ತಿ ಸಾಲದೆ ಬೇಗ ದಣಿಯುತ್ತಿರಬಹುದು. ಬೆನ್ನಿನಿಂದ ಕಾಲಿಗೆ ಇಳಿಯುವ ಸಯಾಟಿಕ್ ನರ ಕೆರಳಿರಬಹುದು. ಕೂರುವ ಮೂಳೆಯ ಹತ್ತಿರದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗ) ನೊಂದಿರಬಹುದು. ಹಳೇ ಪೆಟ್ಟು ಸರಿಯಾಗಿ ವಾಸಿಯಾಗದೆ ಉಳಿದಿರಬಹುದು. ಸೊಂಟದ ಮೂಳೆಯೇ ಮುಂದಕ್ಕೆ ವಾಲಿರಬಹುದು. ಇವುಗಳಲ್ಲಿ ಎಳೆಯುವುದರಿಂದ ನೇರವಾಗಿ ವಾಸಿಯಾಗುವುದು ಮೊದಲನೆಯದು ಮಾತ್ರ. ನರ ಮತ್ತು ಟೆಂಡನ್ ತೊಂದರೆಗಳಲ್ಲಿ ಎಳೆದಷ್ಟೂ ಹದಗೆಡುತ್ತದೆ. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ವ್ಯಾಯಾಮ.

ಇವಿದ್ದರೆ ನೇರ ಡಾಕ್ಟರ ಹತ್ತಿರ

ಓಡುವಾಗ "ಟಪ್" ಅಂತ ಏನೋ ಕಿತ್ತ ಹಾಗಾಗಿ ಅಲ್ಲೇ ನಿಂತುಬಿಟ್ಟಿದ್ದರೆ, ಒಂದೆರಡು ದಿನದಲ್ಲಿ ತೊಡೆ ಹಿಂದೆ ನೀಲಿಗಟ್ಟಿದರೆ, ಬೆರಳಿಟ್ಟರೆ ಸ್ನಾಯುವಿನಲ್ಲಿ ಗುಳಿ ಸಿಕ್ಕರೆ, ಕುಂಟದೆ ನಡೆಯಲು ಆಗದಿದ್ದರೆ ಅದು ಟೈಟ್ ಆಗಿರುವುದಲ್ಲ, ಸ್ನಾಯು ಹರಿದಿದೆ. ಮೂಳೆ ಡಾಕ್ಟರಿಗೆ ತೋರಿಸಿ. ಮೊದಲ ಎರಡು ಮೂರು ದಿನ ಉಳುಕು ತೆಗೆಯುವವರ ಹತ್ತಿರ ಹೋಗಿ ಎಣ್ಣೆ ಹಾಕಿ ಗಟ್ಟಿಯಾಗಿ ಉಜ್ಜಿಸಿಕೊಳ್ಳಬೇಡಿ. ಒಳಗಿನ ರಕ್ತಸ್ರಾವ ಜಾಸ್ತಿ ಆಗುತ್ತದೆ.

ಹೈಸ್ಕೂಲು ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 13ರಿಂದ 17 ವರ್ಷದವರಲ್ಲಿ ಕೂರುವ ಮೂಳೆಯಲ್ಲಿ ಈ ಸ್ನಾಯು ಅಂಟಿಕೊಂಡಿರುವ ತುದಿ ಇನ್ನೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ. ಜೋರಾಗಿ ಒದ್ದಾಗ, ಹರ್ಡಲ್ಸ್ ಹಾರುವಾಗ, ಓಟದ ಸ್ಟಾರ್ಟ್‌ನಲ್ಲಿ ಸ್ನಾಯು ಹರಿಯುವ ಬದಲು ಮೂಳೆಯ ಚೂರನ್ನೇ ಕಿತ್ತುಕೊಂಡು ಬರಬಹುದು. ಆ ವಯಸ್ಸಿನ ಮಗು ಪಿರ್ರೆಯ ಕೆಳಗೆ ಕೈಯಿಟ್ಟು "ಇಲ್ಲಿ ತುಂಬಾ ನೋಯುತ್ತೆ" ಅಂದರೆ ಎಕ್ಸ್‌ರೇ ತೆಗೆಸಿ. ಇದೇ ಕಾರಣಕ್ಕೆ, ಮಕ್ಕಳನ್ನು ಕೂರಿಸಿ ಬೆನ್ನ ಮೇಲೆ ಮಂಡಿಯಿಟ್ಟು ಒತ್ತುವ ಪದ್ಧತಿಯನ್ನು ದೈಹಿಕ ಶಿಕ್ಷಕರು ದಯವಿಟ್ಟು ಬಿಡಬೇಕು.

ತೊಡೆಸಂದು, ಗುದದ ಸುತ್ತ ಮರಗಟ್ಟಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ, ಪಾದ ಎತ್ತಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಏಟೇ ಇಲ್ಲದೆ ಒಂದೇ ಕಾಲು ಊದಿಕೊಂಡು ಬಿಸಿಯಾಗಿದ್ದರೂ ತಡ ಮಾಡಬೇಡಿ. ಅದು ರಕ್ತ ಹೆಪ್ಪುಗಟ್ಟಿರುವುದೂ ಆಗಿರಬಹುದು.

ಸ್ನಾಯುವಿನ ಕೆಲಸ ಏನು?

ಹ್ಯಾಮ್‌ಸ್ಟ್ರಿಂಗ್ ಅಂದರೆ ಒಂದು ಸ್ನಾಯು ಅಲ್ಲ, ಮೂರು. ಹೊರಮಗ್ಗುಲಲ್ಲಿ ಬೈಸೆಪ್ಸ್ ಫೆಮೋರಿಸ್. ಒಳಮಗ್ಗುಲಲ್ಲಿ ಸೆಮಿಟೆಂಡಿನೋಸಸ್ ಮತ್ತು ಸೆಮಿಮೆಂಬ್ರನೋಸಸ್. ಬೈಸೆಪ್ಸಿನ ಚಿಕ್ಕ ತಲೆ ಬಿಟ್ಟರೆ ಎಲ್ಲವೂ ಶುರುವಾಗುವುದು ನಾವು ಕೂತಾಗ ನೆಲಕ್ಕೆ ಒತ್ತುವ ಮೂಳೆಯಿಂದ. ಮುಗಿಯುವುದು ಮಂಡಿ ದಾಟಿ ಕೆಳಗೆ. ಅಂದರೆ ಸೊಂಟದ ಕೀಲು, ಮಂಡಿ ಎರಡನ್ನೂ ದಾಟುತ್ತವೆ.

ಕಾಲನ್ನು ಹಿಂದಕ್ಕೆ ತಳ್ಳುವುದು, ಮಂಡಿ ಮಡಿಸುವುದು ಇವುಗಳ ಕೆಲಸ ಅಂತ ಎಲ್ಲರಿಗೂ ಗೊತ್ತು. ಆದರೆ ವೇಗವಾಗಿ ಓಡುವಾಗ ಭಾರವಾದ ಕೆಲಸ ಬೇರೆ ಇದೆ. ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ಸ್ವಲ್ಪ ಮೊದಲು, ಮುಂದಕ್ಕೆ ಚಿಮ್ಮುತ್ತಿರುವ ಮೊಣಕಾಲನ್ನು, ಅಂದರೆ ಮಂಡಿಯಿಂದ ಕೆಳಗಿನ ಕಾಲನ್ನು, ಹಿಡಿದು ನಿಲ್ಲಿಸಬೇಕು. ಸ್ನಾಯು ಉದ್ದವಾಗುತ್ತಿರುವಾಗಲೇ ಬ್ರೇಕ್ ಹಾಕಬೇಕು. ಸ್ಪ್ರಿಂಟ್‌ನಲ್ಲಿ ಹರಿಯುವುದು ಸಾಮಾನ್ಯವಾಗಿ ಈ ಗಳಿಗೆಯಲ್ಲೇ, ಅದೂ ಹೆಚ್ಚಾಗಿ ಬೈಸೆಪ್ಸಿನ ಉದ್ದ ತಲೆಯಲ್ಲಿ. ಹಾಗಾಗಿ ನಮಗೆ ಬೇಕಾಗಿರುವುದು ಬರೀ ಉದ್ದದ ಸ್ನಾಯು ಅಲ್ಲ. ಉದ್ದವಾಗಿರುವಾಗಲೂ ಗಟ್ಟಿಯಾಗಿ ಹಿಡಿಯುವ ಸ್ನಾಯು.

ಪರೀಕ್ಷೆಗೆ ಮೊದಲು ಕೇಳಬೇಕಾದ್ದು

ಯಾವಾಗ ಟೈಟ್ ಅನ್ನಿಸುತ್ತದೆ? ಬೆಳಿಗ್ಗೆ ಶುರುವಿನಲ್ಲಿ ಇದ್ದು, ಹತ್ತು ನಿಮಿಷ ನಿಧಾನಕ್ಕೆ ಓಡಿದ ಮೇಲೆ ಬಿಟ್ಟುಹೋದರೆ ಅದು ಹಿಂದಿನ ದಿನಗಳ ದಣಿವು. ಮಾಗಿ ಚಳಿಯಲ್ಲಿ ಐದೂವರೆಗೆ ಅಮಾನಿಕೆರೆ ಸುತ್ತ ಓಡುವವರಿಗೆ ಇದು ಜಾಸ್ತಿ. ಕೊನೆಯ ಸುತ್ತುಗಳಲ್ಲಿ ಮಾತ್ರ ಬಂದರೆ ಶಕ್ತಿಯ ಕೊರತೆ ಇರಬಹುದು. ಬೆಂಗಳೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಕೂತು ಹೋಗುವಾಗ ಬಂದರೆ ನರ ಅಥವಾ ಟೆಂಡನ್ ಮೇಲೆ ಅನುಮಾನ ಪಡಿ. ಪೂರ್ತಿ ವೇಗಕ್ಕೆ ಹೋದಾಗ ಒಂದೇ ಜಾಗದಲ್ಲಿ ಚುಚ್ಚಿದರೆ ಹಳೇ ಪೆಟ್ಟು.

ಒಂದು ಕಾಲೋ, ಎರಡೂ ಕಾಲೋ? ಎರಡೂ ಆದರೆ ಅಭ್ಯಾಸದ ಹೊರೆ ಅಥವಾ ಸೊಂಟದ ವಾಲಿಕೆ. ಒಂದೇ ಕಾಲಾದರೆ ಹಳೇ ಪೆಟ್ಟು, ಟೆಂಡನ್, ನರ.

ಇತ್ತೀಚೆಗೆ ಏನು ಬದಲಾಯಿತು? ಹೊಸ ಸ್ಪೈಕ್ಸ್ ಹಾಕಿದ್ದು, ಮಣ್ಣಿನ ಮೈದಾನದಿಂದ ಗಟ್ಟಿ ನೆಲಕ್ಕೆ ಬಂದದ್ದು, ಭಾನುವಾರ ಏಕಾಏಕಿ ದೇವರಾಯನದುರ್ಗದ ಏರು ಹತ್ತಿದ್ದು, ತಾಲ್ಲೂಕು ಕ್ರೀಡಾಕೂಟ ಬಂತು ಅಂತ ತಿಂಗಳ ಅಭ್ಯಾಸವನ್ನು ಒಂದು ವಾರದಲ್ಲಿ ಮಾಡಿದ್ದು. ಎಷ್ಟೋ ಸಲ ಉತ್ತರ ಇಲ್ಲೇ ಸಿಗುತ್ತದೆ. ಆಗ ವ್ಯಾಯಾಮಕ್ಕಿಂತ ಮೊದಲು ಹೊರೆಯನ್ನು ಇಳಿಸಬೇಕು. ಒಂದು ವಾರ ಅರ್ಧಕ್ಕೆ ಇಳಿಸಿ ನೋಡಿ.

ಪರೀಕ್ಷೆ 1: ನರವೋ, ಸ್ನಾಯುವೋ?

ಇದನ್ನು ಮೊದಲು ಮಾಡಬೇಕು. ಯಾಕಂದರೆ ಇದು ನರದ ತೊಂದರೆ ಆಗಿದ್ದರೆ ಮುಂದಿನ ಸ್ಟ್ರೆಚಿಂಗ್ ಎಲ್ಲಾ ಬೆಂಕಿಗೆ ತುಪ್ಪ ಸುರಿದ ಹಾಗೆ.

ಮೇಜು ಅಥವಾ ಗ್ಯಾಲರಿ ಮೆಟ್ಟಿಲ ಅಂಚಿನಲ್ಲಿ ಕೂರಿ. ತೊಡೆ ಪೂರ್ತಿ ಆತುಕೊಂಡಿರಲಿ, ಮೊಣಕಾಲು ಇಳಿಬಿದ್ದಿರಲಿ. ಕೈ ಬೆನ್ನ ಹಿಂದೆ. ಬೆನ್ನನ್ನು ಗೂನು ಮಾಡಿ. ಗದ್ದ ಎದೆಗೆ ತಾಗಿಸಿ. ಈಗ ನಿಧಾನಕ್ಕೆ ಒಂದು ಮಂಡಿಯನ್ನು ನೆಟ್ಟಗೆ ಮಾಡುತ್ತಾ, ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಎಳೆತ ಬಂದಾಗ ನಿಲ್ಲಿಸಿ. ಕಾಲು, ಬೆನ್ನು ಏನೂ ಅಲುಗಾಡಿಸದೆ ತಲೆ ಮಾತ್ರ ಮೇಲೆತ್ತಿ. ಏನಾಯಿತು?

ಗುಬ್ಬಿ ಕಡೆಯಿಂದ ಬರುವ ಒಬ್ಬಳು 400 ಮೀಟರ್ ಓಟಗಾರ್ತಿ ಇದೇ ಮೆಟ್ಟಿಲ ಮೇಲೆ ಕೂತಿದ್ದಳು. ತಿಂಗಳುಗಟ್ಟಲೆ ದಿನಾ ಸ್ಟ್ರೆಚ್ ಮಾಡುತ್ತಿದ್ದಳು. ಎಡಗಾಲು ಬಿಡುತ್ತಲೇ ಇರಲಿಲ್ಲ. ಮಂಡಿ ಮುಕ್ಕಾಲು ಭಾಗ ನೆಟ್ಟಗಾಗುವಷ್ಟರಲ್ಲಿ ಮುಖ ಹಿಂಡಿದಳು.

"ಅಲ್ಲೇ ಇರಲಿ ಕಣಮ್ಮ. ಕಾಲು ಇಳಿಸಬೇಡ. ಈಗ ತಲೆ ಎತ್ತಿ ಆ ಲೈಟ್ ಕಂಬ ನೋಡು."

ತಲೆ ಎತ್ತಿದಳು. ಮೊಣಕಾಲು ತಾನಾಗೇ ಇನ್ನೊಂದು ಗೇಣು ಮೇಲೆ ಹೋಯಿತು.

"ಸಾರ್, ಬಿಟ್ಟೋಯ್ತು!"

ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿಗೂ ತಲೆಗೂ ಸಂಬಂಧ ಇಲ್ಲ. ತಲೆ ಎತ್ತಿದರೆ ತೊಡೆಯ ಎಳೆತ ಕಡಿಮೆಯಾಗುತ್ತದೆ ಅಂದರೆ, ಎಳೆತ ಇರುವುದು ಮೆದುಳಬಳ್ಳಿಯಿಂದ ಕಾಲಿನವರೆಗೆ ಹೋಗುವ ನರದ ದಾರಿಯಲ್ಲಿ. ಜೊತೆಗೆ ಜುಮ್ಮೆನ್ನುವುದು, ಉರಿ, ಕರೆಂಟ್ ಹೊಡೆದ ಹಾಗೆ ಮೀನಖಂಡದವರೆಗೆ ಇಳಿಯುವುದು ಇದ್ದರೆ ಅನುಮಾನ ಇನ್ನೂ ಗಟ್ಟಿ. ಒಂದು ಮಾತು ನೆನಪಿರಲಿ. ಆರೋಗ್ಯವಂತರಿಗೂ ಈ ಭಂಗಿಯಲ್ಲಿ ಸ್ವಲ್ಪ ಎಳೆಯುತ್ತದೆ. ಹಾಗಾಗಿ ಎರಡೂ ಕಾಲು ಹೋಲಿಸಿ. ನಿಮ್ಮದೇ ಹಳೇ ದೂರು ಮರುಕಳಿಸಿತಾ ಅಂತ ನೋಡಿ.

ಪರೀಕ್ಷೆ 2: ನಿಜವಾಗಿಯೂ ಗಿಡ್ಡವಾ?

ಅಂಗಾತ ಮಲಗಿ. ಒಂದು ಕಾಲು ನೆಲದ ಮೇಲೆ ನೆಟ್ಟಗಿರಲಿ. ಇನ್ನೊಂದು ತೊಡೆಯನ್ನು ನೆಲಕ್ಕೆ ನೇರ ಲಂಬವಾಗಿ ಎತ್ತಿ ಎರಡು ಕೈಯಿಂದ ಹಿಡಿದುಕೊಳ್ಳಿ. ತೊಡೆ ಅಲುಗದ ಹಾಗೆ ಮಂಡಿಯನ್ನು ಸಾಧ್ಯವಾದಷ್ಟು ನೆಟ್ಟಗೆ ಮಾಡಿ. ಗೆಳೆಯನೊಬ್ಬ ಮೊಬೈಲ್‌ನಲ್ಲಿ ಓರೆಯ ಡಿಗ್ರಿ ತೋರಿಸುವ ಲೆವೆಲ್ ಆಪ್ ತೆರೆದು ನಿಮ್ಮ ಮಂಡಿಯ ಕೆಳಗಿನ ಮೂಳೆಯ ಮೇಲಿಡಲಿ. ಪೂರ್ತಿ ನೆಟ್ಟಗಾಗಲು 20 ಡಿಗ್ರಿಯೊಳಗೆ ಕಡಿಮೆ ಇದ್ದರೆ ಸ್ನಾಯು ಗಿಡ್ಡವಲ್ಲ. 30, 40 ಡಿಗ್ರಿ ಉಳಿದರೆ ಗಿಡ್ಡ.

ನಿಂತು ಬಗ್ಗಿ ಪಾದ ಮುಟ್ಟಿಸಿ ಅಳೆಯುವುದನ್ನು ನಂಬಬೇಡಿ. ಬೆನ್ನು ಚೆನ್ನಾಗಿ ಬಾಗುವವರು ಹ್ಯಾಮ್‌ಸ್ಟ್ರಿಂಗ್ ಗಿಡ್ಡ ಇದ್ದರೂ ಮುಟ್ಟುತ್ತಾರೆ. ಕೈ ಗಿಡ್ಡ, ಕಾಲು ಉದ್ದ ಇರುವವರು ಸ್ನಾಯು ಸರಿ ಇದ್ದರೂ ಮುಟ್ಟುವುದಿಲ್ಲ.

ಪರೀಕ್ಷೆ 3: ಶಕ್ತಿ ಇದೆಯಾ?

ಸುಮಾರು 60 ಸೆಂಟಿಮೀಟರ್ ಎತ್ತರದ ಬೆಂಚು ಅಥವಾ ಕಟ್ಟೆಯ ಮುಂದೆ ಅಂಗಾತ ಮಲಗಿ. ಒಂದು ಹಿಮ್ಮಡಿಯನ್ನು ಅದರ ಮೇಲಿಡಿ. ಮಂಡಿ ಸ್ವಲ್ಪ ಮಾತ್ರ ಮಡಚಿರಲಿ, 20 ಡಿಗ್ರಿಯಷ್ಟು. ಇನ್ನೊಂದು ಕಾಲು ಮೇಲೆ. ಕೈ ಎದೆ ಮೇಲೆ ಕಟ್ಟಿಕೊಳ್ಳಿ. ಹಿಮ್ಮಡಿಯಿಂದ ಒತ್ತಿ ಸೊಂಟ ಪೂರ್ತಿ ಮೇಲೆತ್ತಿ, ನೆಲ ಮುಟ್ಟಿಸಿ, ಮತ್ತೆ ಎತ್ತಿ. ಎಷ್ಟು ಸಲ ಆಗುತ್ತದೆ ಎಣಿಸಿ. 20ಕ್ಕಿಂತ ಕಡಿಮೆ ಅಂದರೆ ಕಳಪೆ. 25 ಸಾಧಾರಣ. 30 ದಾಟಿದರೆ ಒಳ್ಳೆಯದು.

ನಮ್ಮ ಮೈದಾನದಲ್ಲಿ ಜಾಸ್ತಿ ಜನ ಬೀಳುವುದು ಇಲ್ಲೇ. ಪರೀಕ್ಷೆ ಎರಡರಲ್ಲಿ ಚೆನ್ನಾಗಿ ಪಾಸಾದವರು ಇಲ್ಲಿ ಹನ್ನೆರಡಕ್ಕೋ ಹದಿನಾಲ್ಕಕ್ಕೋ ತೊಡೆ ನಡುಗಿ ನಿಲ್ಲಿಸುತ್ತಾರೆ. ಎದ್ದು ಕೂತು "ಇದೇ ಸಾರ್, ಇದೇ ಟೈಟ್" ಅನ್ನುತ್ತಾರೆ. ದಣಿದ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಬಿಗಿಹಿಡಿಯುತ್ತದೆ. ಅದನ್ನು ಮತ್ತೆ ಎಳೆದರೆ ಹತ್ತು ನಿಮಿಷ ಹಾಯೆನಿಸಬಹುದು. ಸಂಜೆಗೆ ಮತ್ತೆ ಅದೇ ಕತೆ.

ಪರೀಕ್ಷೆ 4: ಬೆರಳು ಎಲ್ಲಿ ಹೋಗುತ್ತದೆ?

"ಒಂದೇ ಬೆರಳಲ್ಲಿ ತೋರಿಸು" ಅಂತ ಕೇಳಿ. ಇಡೀ ಅಂಗೈ ತೊಡೆ ಮೇಲೆ ಸವರಿದರೆ ಅದು ಸಾಮಾನ್ಯ ಬಿಗಿತ. ಬೆರಳು ನೇರ ಪಿರ್ರೆಯ ಕೆಳಗಿನ ಮೂಳೆಗೆ ಹೋದರೆ, ಗಟ್ಟಿ ಸೀಟಿನಲ್ಲಿ ಕೂತಾಗ, ಏರು ಓಡುವಾಗ, ಬಗ್ಗಿದಾಗ ಅಲ್ಲೇ ನೋಯುತ್ತಿದ್ದರೆ ಅದು ಟೆಂಡನ್. ತೊಡೆಯ ನಡುವೆ ಒಂದೇ ಜಾಗದಲ್ಲಿ ಗಂಟಿನ ಹಾಗೆ ಸಿಕ್ಕಿ ಒತ್ತಿದರೆ ನೋಯುತ್ತದೆ ಅಂದರೆ ಹಳೇ ಪೆಟ್ಟು.

ಪರೀಕ್ಷೆ 5: ಸೊಂಟದ ಮುಂಭಾಗ

ಬೆಂಚಿನ ಅಂಚಿಗೆ ಪಿರ್ರೆ ಬರುವ ಹಾಗೆ ಮಲಗಿ, ಒಂದು ಮಂಡಿಯನ್ನು ಎದೆಗೆ ಅಪ್ಪಿ ಹಿಡಿದು ಇನ್ನೊಂದು ಕಾಲನ್ನು ಸಡಿಲ ಬಿಡಿ. ಇಳಿಬಿಟ್ಟ ತೊಡೆ ಬೆಂಚಿನ ಮಟ್ಟಕ್ಕೆ ಬರದೆ ಮೇಲೇ ನಿಂತರೆ ಸೊಂಟದ ಮುಂದಿನ ಸ್ನಾಯು ಗಿಡ್ಡವಾಗಿದೆ. ಇಡೀ ದಿನ ಕುರ್ಚಿಯಲ್ಲೋ ಬೈಕಿನ ಮೇಲೋ ಕೂರುವ ಕೆಲಸದವರಲ್ಲಿ ಇದು ಸಾಮಾನ್ಯ. ಆ ಸ್ನಾಯು ಸೊಂಟದ ಮೂಳೆಯನ್ನು ಮುಂದಕ್ಕೆ ವಾಲಿಸಿದರೆ ಹಿಂದೆ ಕೂರುವ ಮೂಳೆ ಮೇಲೇಳುತ್ತದೆ. ಹ್ಯಾಮ್‌ಸ್ಟ್ರಿಂಗ್ ಆಗಲೇ ಎಳೆದುಕೊಂಡಿರುತ್ತದೆ. ಇನ್ನೂ ಎಳೆದು ಏನು ಮಾಡುತ್ತೀರಿ, ಅಲ್ವಾ?

ನರದ ತೊಂದರೆ ಆದರೆ

ಸೈಕಲ್ ಬ್ರೇಕ್ ವೈರ್ ತನ್ನ ಕವರಿನೊಳಗೆ ಹಿಂದೆ ಮುಂದೆ ಜಾರುವ ಹಾಗೆ, ನರ ಸುತ್ತಲಿನ ಸ್ನಾಯುಗಳ ನಡುವೆ ಜಾರಬೇಕು. ನಮಗೆ ಬೇಕಿರುವುದು ಆ ಜಾರುವಿಕೆ. ಪರೀಕ್ಷೆ ಒಂದರ ಭಂಗಿಯಲ್ಲೇ ಕೂರಿ. ಮಂಡಿ ನೆಟ್ಟಗೆ ಮಾಡುವಾಗ ತಲೆ ಮೇಲೆತ್ತಿ. ಮಂಡಿ ಮಡಿಸುವಾಗ ತಲೆ ಬಗ್ಗಿಸಿ. ಒಂದು ತುದಿ ಎಳೆದರೆ ಇನ್ನೊಂದು ತುದಿ ಬಿಡುವ ಲೆಕ್ಕ. ನಿಧಾನಕ್ಕೆ 10ರಿಂದ 15 ಸಲ, ದಿನಕ್ಕೆ ಎರಡು ಮೂರು ಹೊತ್ತು. ಎಳೆತ ಶುರುವಾಗುವ ಜಾಗದಲ್ಲಿ ನಿಲ್ಲಿಸಿ ಹಿಡಿಯಬೇಡಿ. ಮಾಡಿದ ಮೇಲೆ ಜುಮ್ಮು ಜಾಸ್ತಿ ಆದರೆ ಸಂಖ್ಯೆ ಇಳಿಸಿ.

ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಗಂಟೆಗಟ್ಟಲೆ ಕೂರುವವರು ಮೊದಲು ಅದನ್ನು ತೆಗೆಯಿರಿ. ಪಿರ್ರೆಯ ಕೆಳಗೆ ಹಾದುಹೋಗುವ ನರವನ್ನು ಅದು ಒತ್ತುತ್ತದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಹೊಡೆಯುತ್ತದೆ ಅಂದರೆ ಮೂಲ ಬೆನ್ನಿನಲ್ಲಿದೆ. ಆಗ ಫಿಸಿಯೋಥೆರಪಿಸ್ಟ್ ನೋಡಿಯೇ ಮುಂದಿನದು ಹೇಳಬೇಕು.

ಶಕ್ತಿ ಸಾಲದು ಅಂದರೆ

ಇಲ್ಲಿ ತಾಳ್ಮೆ ಬೇಕು. ಆದರೆ ಫಲ ಇರುವುದೂ ಇಲ್ಲೇ.

ತೀರಾ ದುರ್ಬಲ ಇದ್ದವರು ಮನೆಯ ಟೈಲ್ಸ್ ನೆಲದ ಮೇಲೆ ಶುರು ಮಾಡಿ. ಅಂಗಾತ ಮಲಗಿ, ಮಂಡಿ ಮಡಿಸಿ, ಎರಡೂ ಹಿಮ್ಮಡಿಯ ಕೆಳಗೆ ಹಳೇ ಬಟ್ಟೆ ಹಾಕಿಕೊಳ್ಳಿ. ಸೊಂಟ ಎತ್ತಿ. ಸೊಂಟ ಬೀಳದ ಹಾಗೆ ಹಿಮ್ಮಡಿಯನ್ನು ನಿಧಾನಕ್ಕೆ ಮುಂದಕ್ಕೆ ಜಾರಿಸಿ, ಕಾಲು ಬಹುತೇಕ ನೆಟ್ಟಗಾಗುವವರೆಗೆ. ಆಮೇಲೆ ಸೊಂಟ ಕೆಳಗಿಟ್ಟು ಕಾಲು ಮಡಿಸಿಕೊಂಡು ಮತ್ತೆ. ಎಂಟು ಸಲ, ಮೂರು ಸೆಟ್. ಸುಲಭವಾದ ಮೇಲೆ ಒಂದೇ ಕಾಲಲ್ಲಿ.

ಮುಂದಿನದು ನಾರ್ಡಿಕ್. ದಪ್ಪಗೆ ಮಡಿಸಿದ ಚಾಪೆ ಮೇಲೆ ಮಂಡಿಯೂರಿ. ಗೆಳೆಯ ಹಿಂದಿನಿಂದ ಎರಡೂ ಕಾಲಿನ ಗಿಣ್ಣುಗಳನ್ನು ನೆಲಕ್ಕೆ ಒತ್ತಿ ಹಿಡಿಯಲಿ. ಮಂಡಿಯಿಂದ ತಲೆಯವರೆಗೆ ಮೈ ಒಂದೇ ಗೆರೆಯಲ್ಲಿರಲಿ. ಸೊಂಟದಲ್ಲಿ ಮಡಚಿಕೊಳ್ಳುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಈಗ ಮುಂದಕ್ಕೆ ಬೀಳಿ, ಆದರೆ ತೊಡೆ ಹಿಂದಿನ ಸ್ನಾಯುವಿನಿಂದ ಬೀಳುವುದನ್ನು ಎಷ್ಟು ತಡೆಯಲು ಆಗುತ್ತದೋ ಅಷ್ಟು ತಡೆಯಿರಿ. ತಡೆಯಲು ಆಗದಾಗ ಅಂಗೈ ಊರಿ. ಕೈಯಿಂದ ತಳ್ಳಿಕೊಂಡು ಮೇಲೆ ಬನ್ನಿ. ಮೊದಲ ದಿನ ಒಂದು ಗೇಣು ಬಾಗುವಷ್ಟರಲ್ಲಿ ದಪ್ ಅಂತ ಬೀಳುತ್ತೀರಿ. ಅದಕ್ಕೆ ಬೇಸರ ಬೇಡ.

ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಳಸಿದ ಕ್ರಮ ಇದು. ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸೆಟ್. ಎರಡನೇ ವಾರ ಎರಡು ದಿನ, ಆರರಂತೆ ಎರಡು ಸೆಟ್. ಮೂರನೇ ವಾರದಿಂದ ವಾರಕ್ಕೆ ಮೂರು ದಿನ ಮೂರು ಸೆಟ್, ಮೊದಲು ಆರರಿಂದ ಎಂಟು, ನಾಲ್ಕನೇ ವಾರ ಎಂಟರಿಂದ ಹತ್ತು. ಐದರಿಂದ ಹತ್ತನೇ ವಾರದವರೆಗೆ ಮೂರು ಸೆಟ್‌ಗಳಲ್ಲಿ ಕ್ರಮವಾಗಿ 12, 10, 8. ಇಷ್ಟು ನಿಧಾನಕ್ಕೆ ಏರಿಸುವುದಕ್ಕೆ ಕಾರಣ ಇದೆ. ಶುರುವಿನಲ್ಲೇ ಜಾಸ್ತಿ ಮಾಡಿದರೆ ಮಾರನೇ ದಿನ ಮೆಟ್ಟಿಲಿಳಿಯಲು ಆಗದಷ್ಟು ನೋವು ಬಂದು, ಜನ ಬಿಟ್ಟೇಬಿಡುತ್ತಾರೆ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ, 8,459 ಕ್ರೀಡಾಪಟುಗಳ ಲೆಕ್ಕ ನೋಡಿದಾಗ, ನಾರ್ಡಿಕ್ ಇರುವ ಅಭ್ಯಾಸಕ್ರಮದಿಂದ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು. ಜಿಮ್ ಬೇಡ, ದುಡ್ಡು ಬೇಡ, ಒಬ್ಬ ಗೆಳೆಯ ಸಾಕು. ಹಳ್ಳಿ ತಂಡಗಳು ಇದನ್ನು ಮಾಡದೆ ಇರುವುದು ನನಗೆ ನಿಜವಾಗಿ ಸಂಕಟದ ವಿಷಯ.

ನಾರ್ಡಿಕ್ ಮಂಡಿಯ ಕಡೆಯಿಂದ ಬಲ ಕೊಟ್ಟರೆ, ಸೊಂಟದ ಕಡೆಯಿಂದ ಬಲ ಕೊಡುವುದು ರೊಮೇನಿಯನ್ ಡೆಡ್‌ಲಿಫ್ಟ್. ಗೊಬ್ಬರದ ಚೀಲದಲ್ಲಿ ಮರಳು ತುಂಬಿ ಬಾಯಿ ಕಟ್ಟಿಕೊಂಡರೆ ತೂಕ ಸಿದ್ಧ. ಮಂಡಿ ಸ್ವಲ್ಪ ಸಡಿಲ. ಬೆನ್ನು ನೆಟ್ಟಗೆ. ಪಿರ್ರೆಯನ್ನು ಹಿಂದಿನ ಗೋಡೆಗೆ ತಾಗಿಸುವ ಹಾಗೆ ಹಿಂದಕ್ಕೆ ತಳ್ಳುತ್ತಾ ಚೀಲವನ್ನು ತೊಡೆಗೆ ಸವರಿಕೊಂಡು ಮಂಡಿಯ ಕೆಳಗೆ ಇಳಿಸಿ. ಬೆನ್ನು ಬಾಗುತ್ತಿದೆಯಾ ಅಂತ ತಿಳಿಯಲು ಮೊದಲು ತೂಕವಿಲ್ಲದೆ, ಬೆನ್ನಿನುದ್ದಕ್ಕೆ ಒಂದು ಕೋಲು ಹಿಡಿದು ಮಾಡಿ. ತಲೆಯ ಹಿಂಭಾಗ, ಬೆನ್ನು, ಬಾಲಮೂಳೆ ಮೂರೂ ಕೋಲಿಗೆ ತಾಗಿಯೇ ಇರಬೇಕು. ಎಂಟರಂತೆ ಮೂರು ಸೆಟ್, ವಾರಕ್ಕೆ ಎರಡು ದಿನ.

ಈ ವ್ಯಾಯಾಮಗಳಲ್ಲಿ ಸ್ನಾಯು ಉದ್ದವಾಗುತ್ತಲೇ ಕೆಲಸ ಮಾಡುವುದರಿಂದ ಕಾಲಿನ ಬಾಗುವಿಕೆಯೂ ಹೆಚ್ಚುತ್ತದೆ. ಬೇರೆ ಸ್ಟ್ರೆಚಿಂಗ್ ಇಲ್ಲದೆಯೇ ಟೈಟ್ ಬಿಟ್ಟವರು ಎಷ್ಟೋ ಜನ.

ನಿಜವಾಗಿ ಗಿಡ್ಡ ಇದ್ದರೆ

ಈಗ ಎಳೆಯಿರಿ. ಅಂಗಾತ ಮಲಗಿ ಪಾದಕ್ಕೆ ಟವೆಲ್ ಹಾಕಿ, ಮಂಡಿ ನೆಟ್ಟಗಿಟ್ಟು ಕಾಲೆತ್ತಿ. ಹಿತವಾದ ಎಳೆತ ಬಂದಲ್ಲಿ 30 ಸೆಕೆಂಡ್ ಹಿಡಿಯಿರಿ. ದಿನಕ್ಕೊಮ್ಮೆ, ವಾರಕ್ಕೆ ಐದು ದಿನ, ಆರು ವಾರ. ತೊಂಬತ್ತರ ದಶಕದ ಅಧ್ಯಯನಗಳಲ್ಲೇ 30 ಸೆಕೆಂಡಿಗೂ 60 ಸೆಕೆಂಡಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹಲ್ಲು ಕಚ್ಚಿಕೊಂಡು ಐದು ನಿಮಿಷ ಹಿಡಿಯುವುದು ಬೇಕಿಲ್ಲ.

ಇನ್ನೂ ಬೇಗ ಬಿಡಬೇಕೆಂದರೆ, ಎಳೆತದ ಜಾಗದಲ್ಲಿ ಹಿಮ್ಮಡಿಯನ್ನು ಗೆಳೆಯನ ಭುಜಕ್ಕೆ ಐದಾರು ಸೆಕೆಂಡ್ ಒತ್ತಿ. ಬಿಡಿ. ಉಸಿರು ಬಿಟ್ಟು ಇನ್ನು ಸ್ವಲ್ಪ ಮೇಲೆ ಹೋಗಿ 30 ಸೆಕೆಂಡ್ ನಿಲ್ಲಿ. ಎರಡು ಮೂರು ಸಲ ಸಾಕು.

ಕೂತು ಬಗ್ಗುವವರು ಗೂನುಬೆನ್ನು ಮಾಡಿ ಹಣೆ ಮಂಡಿಗೆ ತಾಗಿಸಲು ಒದ್ದಾಡಬೇಡಿ. ಅದರಲ್ಲಿ ಬೆನ್ನೇ ಬಾಗುತ್ತದೆ. ಎದೆ ಮುಂದೆ ಮಾಡಿ, ಸೊಂಟದಿಂದ ನಾಲ್ಕು ಬೆರಳು ಬಗ್ಗಿದರೂ ಸಾಕು. ಎಳೆತ ನೇರ ತೊಡೆಗೆ ಬರುತ್ತದೆ. ಓಟಕ್ಕೆ ಸ್ವಲ್ಪ ಮೊದಲು ಒಂದೊಂದು ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಹಿಡಿದು ಎಳೆದರೆ ಸ್ಟಾರ್ಟಿನ ಚುರುಕು ಕಡಿಮೆಯಾಗುತ್ತದೆ. ಹಾಗಾಗಿ ಇದನ್ನು ಸಂಜೆ ಅಥವಾ ಅಭ್ಯಾಸ ಮುಗಿದ ಮೇಲೆ ಇಟ್ಟುಕೊಳ್ಳಿ. ಮೊದಲಿಗೆ ನಿಧಾನದ ಓಟ, ಕಾಲು ಬೀಸುವುದು, ಮಂಡಿ ಎತ್ತಿ ಕುಣಿಯುವ ಹೆಜ್ಜೆ, ಆಮೇಲೆ 60 ಮೀಟರಿನ ಮೂರು ನಾಲ್ಕು ಓಟ, ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪ ಜೋರು. ಅಷ್ಟು ಸಾಕು. ಲಟ್ಟಣಿಗೆ, ರೋಲರ್ ಉರುಳಿಸುವುದು ಆ ಕ್ಷಣಕ್ಕೆ ಹಾಯೆನಿಸುತ್ತದೆ. ಅದರಿಂದ ತೊಂದರೆ ಇಲ್ಲ, ಚಿಕಿತ್ಸೆ ಅಂತ ಮಾತ್ರ ತಿಳಿಯಬೇಡಿ.

ಟೆಂಡನ್, ಹಳೇ ಪೆಟ್ಟು, ಸೊಂಟ

ಟೆಂಡನ್ ನೊಂದಿದ್ದರೆ ಬಗ್ಗಿ ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಬಗ್ಗಿದಾಗ ಟೆಂಡನ್ ಮೂಳೆಗೆ ಒತ್ತಿಕೊಂಡು ಇನ್ನಷ್ಟು ಕೆರಳುತ್ತದೆ. ಸೀಟಿನ ಮೇಲೆ ಮೆತ್ತನೆಯದೇನಾದರೂ ಹಾಕಿಕೊಳ್ಳಿ. ಸೊಂಟ ಎತ್ತಿ 30ರಿಂದ 45 ಸೆಕೆಂಡ್ ಅಲ್ಲಾಡದೆ ನಿಲ್ಲುವುದನ್ನು ನಾಲ್ಕೈದು ಸಲ ಮಾಡಿ. ನೋವು ತಗ್ಗಿದ ಮೇಲೆ ನಿಧಾನದ, ಭಾರದ ವ್ಯಾಯಾಮ. ತಿಂಗಳುಗಳೇ ಹಿಡಿಯುತ್ತವೆ. ಅವಸರ ಬೇಡ.

ಹಳೇ ಪೆಟ್ಟಿಗೆ ಸ್ವೀಡನ್ನಿನಿಂದ ಬಂದ ಕ್ರಮ ಚೆನ್ನಾಗಿದೆ. ಅಲ್ಲಿ 75 ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ನಾಯುವನ್ನು ಉದ್ದದಲ್ಲಿ ದುಡಿಸುವ ವ್ಯಾಯಾಮ ಮಾಡಿದವರು ಸರಾಸರಿ 28 ದಿನಕ್ಕೆ ಪೂರ್ತಿ ಅಭ್ಯಾಸಕ್ಕೆ ಮರಳಿದರು. ಮಾಮೂಲಿ ವ್ಯಾಯಾಮ ಮಾಡಿದವರಿಗೆ 51 ದಿನ ಬೇಕಾಯಿತು. ಅದರಲ್ಲಿ ಸುಲಭದ್ದು ಇದು. ಅಂಗಾತ ಮಲಗಿ ತೊಡೆಯನ್ನು ಲಂಬವಾಗಿ ಹಿಡಿದು, ನೋವು ಶುರುವಾಗುವ ಸ್ವಲ್ಪ ಮೊದಲಿನವರೆಗೆ ಮಂಡಿ ನಿಧಾನಕ್ಕೆ ಬಿಚ್ಚುವುದು, 12 ಸಲ, ಮೂರು ಸೆಟ್, ದಿನಕ್ಕೆ ಎರಡು ಹೊತ್ತು. ಇನ್ನೊಂದರಲ್ಲಿ ಪೆಟ್ಟಾದ ಕಾಲಲ್ಲಿ ನಿಂತು, ಕೈ ಮುಂದೆ ಚಾಚಿ, ಸೊಂಟದಿಂದ ಮುಂದಕ್ಕೆ ಬಾಗುತ್ತಾ ಇನ್ನೊಂದು ಕಾಲನ್ನು ಹಿಂದಕ್ಕೆ ಎತ್ತಬೇಕು. ಆರರಂತೆ ಮೂರು ಸೆಟ್, ದಿನ ಬಿಟ್ಟು ದಿನ.

ಕಬಡ್ಡಿ ರೈಡರ್‌ಗಳಿಗೆ ಒಂದು ಮಾತು. ಬೋನಸ್ ಗೆರೆಗೋ ಟೋ ಟಚ್‌ಗೋ ಕಾಲು ಚಾಚಿದಾಗ ಆಗುವ ಪೆಟ್ಟು ಓಟದಲ್ಲಿ ಆಗುವ ಪೆಟ್ಟಿಗಿಂತ ಬೇರೆ. ಅದು ಮೇಲ್ಭಾಗದಲ್ಲಿ, ಕೂರುವ ಮೂಳೆಯ ಹತ್ತಿರ ಆಗುತ್ತದೆ. ಮೊದಲ ದಿನ ಅಷ್ಟೇನೂ ನೋಯುವುದಿಲ್ಲ. "ಆಡಬಹುದು ಬಿಡಣ್ಣ" ಅನ್ನಿಸುತ್ತದೆ. ಆದರೆ ವಾಸಿಯಾಗಲು ಓಟದ ಪೆಟ್ಟಿಗಿಂತ ಜಾಸ್ತಿ ಸಮಯ ತೆಗೆದುಕೊಳ್ಳುತ್ತದೆ. ಖೋ-ಖೋದಲ್ಲಿ ಕುಕ್ಕರಗಾಲಿನಿಂದ ಚಿಮ್ಮಿ ಎದ್ದು ಬಗ್ಗಿಕೊಂಡೇ ಓಡುವುದರಿಂದ ಆ ಮೇಲ್ಭಾಗಕ್ಕೇ ಹೊರೆ ಬೀಳುತ್ತದೆ. ಅವರಿಗೆ ಡೆಡ್‌ಲಿಫ್ಟ್ ಬೇಕೇಬೇಕು.

ಸೊಂಟದ ಮುಂಭಾಗ ಗಿಡ್ಡ ಇದ್ದವರು ಒಂದು ಮಂಡಿಯೂರಿ, ಅದೇ ಕಡೆಯ ಪಿರ್ರೆಯನ್ನು ಬಿಗಿಹಿಡಿದು, ಮೈಯನ್ನು ಸ್ವಲ್ಪವೇ ಮುಂದೆ ತನ್ನಿ. 30 ಸೆಕೆಂಡ್. ಬೆನ್ನು ಕಮಾನಾದರೆ ಫಲವಿಲ್ಲ. ಜೊತೆಗೆ ಪಿರ್ರೆಯ ಬಲಕ್ಕೆ ಒಂಟಿಕಾಲಿನ ಬ್ರಿಡ್ಜ್, ಅಂದರೆ ಪರೀಕ್ಷೆ ಮೂರರ ಹಾಗೆ ಸೊಂಟ ಎತ್ತುವುದು.

ಮತ್ತೆ ವೇಗಕ್ಕೆ

ಒಂಟಿಕಾಲಿನ ಬ್ರಿಡ್ಜ್ ಎರಡೂ ಕಡೆ ಹೆಚ್ಚುಕಡಿಮೆ ಸಮ ಬರಬೇಕು. ಒತ್ತಿದರೆ ನೋವಿರಬಾರದು. ಆಮೇಲೆ ಅರ್ಧ ವೇಗದಿಂದ ಶುರು ಮಾಡಿ. ಎರಡು ಸಲ ಅದೇ ವೇಗದಲ್ಲಿ ನೋವಿಲ್ಲದೆ ಓಡಿದ ಮೇಲೆ ಮಾತ್ರ ಮುಂದಿನ ಹಂತ. ಸಣ್ಣ ಏರಿನಲ್ಲಿ ಓಡುವುದು ಈ ಹಂತಕ್ಕೆ ಒಳ್ಳೆಯದು. ಏರಿನಲ್ಲಿ ಹೆಜ್ಜೆ ಚಿಕ್ಕದಾಗುವುದರಿಂದ ಸ್ನಾಯು ಪೂರ್ತಿ ಚಾಚಿಕೊಳ್ಳುವುದಿಲ್ಲ. ಟೆಂಡನ್ ನೋವಿನವರಿಗೆ ಮಾತ್ರ ಏರು ಬೇಡ. ಹೆದರಿಕೊಂಡು ತಿಂಗಳುಗಟ್ಟಲೆ ಜಾಗಿಂಗ್‌ನಲ್ಲೇ ಉಳಿಯುವುದೂ ತಪ್ಪು. ಪೂರ್ತಿ ವೇಗದ ಹೊರೆ ಸ್ನಾಯುವಿಗೆ ವಾರವಾರ ಸಿಗದಿದ್ದರೆ, ಪಂದ್ಯದ ದಿನ ಅದು ಹೊಸದಾಗಿಬಿಡುತ್ತದೆ.

ಒಂದು ನೋಟ್‌ಬುಕ್ ಇಡಿ. ಎರಡು ವಾರಕ್ಕೊಮ್ಮೆ, ಅದೇ ಹೊತ್ತಿನಲ್ಲಿ, ವಾರ್ಮಪ್‌ಗೆ ಮುಂಚೆ ಮಂಡಿಯ ಡಿಗ್ರಿ ಮತ್ತು ಬ್ರಿಡ್ಜ್ ಸಂಖ್ಯೆ ಬರೆದಿಡಿ. ಆರು ವಾರ ಬಿಡದೆ ಮಾಡಿಯೂ ಸಂಖ್ಯೆ ಕದಲದಿದ್ದರೆ ನೀವು ಹಿಡಿದ ಕಾರಣ ತಪ್ಪಿರಬಹುದು. ಪರೀಕ್ಷೆ ಒಂದರಿಂದ ಮತ್ತೆ ಶುರು ಮಾಡಿ. ಆಗಲೂ ಸಿಗದಿದ್ದರೆ ಆ ನೋಟ್‌ಬುಕ್ ಹಿಡಿದು ಫಿಸಿಯೋ ಹತ್ತಿರ ಹೋಗಿ. ಅವರ ಅರ್ಧ ಕೆಲಸ ಅದರಲ್ಲೇ ಮುಗಿದಿರುತ್ತದೆ.